ಕಾಯುವವರ ಮೇಲೂ ಒಂದು ಕಣ್ಣು
(ಅಕ್ಟೋಬರ್ 2 – ಕಾವಲುದೂತರ ಹಬ್ಬ)



ಅಕ್ಟೋಬರ್ 2 ನಮ್ಮ ದೇಶಕ್ಕೆ ಗಾಂಧಿ ಜಯಂತಿ, ಧರ್ಮಸಭೆಗೆ ಕಾವಲುದೂತರ ಹಬ್ಬ. 1670ರಲ್ಲಿ ಪೋಪ್ ಹತ್ತನೆಯ ಕ್ಲೆಮೆಂಟರು ಈ ಹಬ್ಬವನ್ನು ಇಡೀ ಧರ್ಮಸಭೆಗೆ ವಿಸ್ತರಿಸಿದರು. ಮಲಗುವ ಮುನ್ನ ಕೈಮುಗಿದು ಕಾವಲುದೂತನನ್ನು ಕರೆಯಲು ನಮಗೆಲ್ಲ ಅಮ್ಮನೋ ಅಜ್ಜಿಯೋ ಕಲಿಸಿದ್ದಾರೆ. ದೊಡ್ಡವರಾದ ಮೇಲೆ ಆ ಪ್ರಾರ್ಥನೆಯನ್ನು ನಾವು ಮಕ್ಕಳಿಗೆ ಬಿಟ್ಟುಕೊಟ್ಟಿದ್ದೇವೆ.

ಹಬ್ಬದ ಶುಭಸಂದೇಶದಲ್ಲಿ ಯೇಸುಸ್ವಾಮಿ ಒಂದು ಮಗುವನ್ನು ಹತ್ತಿರ ಕರೆದು ಶಿಷ್ಯರ ನಡುವೆ ನಿಲ್ಲಿಸುತ್ತಾರೆ. ಇಂಥ ಚಿಕ್ಕವರಲ್ಲಿ ಒಬ್ಬರನ್ನೂ ಕೀಳಾಗಿ ಕಾಣಬಾರದೆಂದು ಎಚ್ಚರಿಸುತ್ತಾರೆ. ಆ ಚಿಕ್ಕವರ ದೂತರು ಸ್ವರ್ಗದಲ್ಲಿ ಸದಾ ತಂದೆಯ ಮುಖವನ್ನು ನೋಡುತ್ತಿರುವರೆಂದು ತಿಳಿಸುತ್ತಾರೆ (ಮತ್ತಾಯ 18:10). ಈ ಮಾತನ್ನು ನಾವು ಸಾಮಾನ್ಯವಾಗಿ ಅರ್ಧ ಮಾತ್ರ ಕೇಳಿಸಿಕೊಳ್ಳುತ್ತೇವೆ. ದೂತನು ಮಗುವನ್ನು ಕಾಯುತ್ತಾನೆ, ಸರಿ. ಆದರೆ ಅವನು ತನ್ನ ಮನಸ್ಸಿಗೆ ಬಂದಂತೆ ಕಾಯುವವನಲ್ಲ. ಅವನ ದೃಷ್ಟಿ ತಂದೆಯ ಕಡೆಗಿದೆ, ತಂದೆಯ ದೃಷ್ಟಿ ಅವನ ಮೇಲಿದೆ. ಕಾಯುವವನೂ ಒಬ್ಬರ ಸನ್ನಿಧಿಯಲ್ಲಿ ನಿಂತಿದ್ದಾನೆ. ಈ ವರ್ಷ ಈ ಒಂದು ವಿಷಯವನ್ನು ಧ್ಯಾನಿಸೋಣ.

ಅಜ್ಜಿಯ ಪ್ರಶ್ನೆ

ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಹಿರಿಯ ತಾಯಿಯೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. ಅವರ ಮಗನ ಸಂಸಾರ ಅಮೆರಿಕದಲ್ಲಿದೆ. ಮೊಮ್ಮಗಳು ಅಲ್ಲಿ ಮನಃಶಾಸ್ತ್ರದಲ್ಲಿ ಡಾಕ್ಟರೇಟ್ ಓದುತ್ತಿದ್ದಾಳೆ.

"ಸ್ವಾಮಿ, ಐದು ವರ್ಷ ಓದಿದ್ದಾಳೆ. ಇನ್ನೂ ಡಾಕ್ಟರ್ ಆಗಿಲ್ಲವಂತೆ. ಈಗ ಯಾವುದೋ ಊರಿನ ಮಕ್ಕಳ ಶಾಲೆಗೆ ಹೋಗಿ ಒಂದು ವರ್ಷ ಇರಬೇಕಂತೆ, ಅದೂ ಚಿಕ್ಕ ಸಂಬಳಕ್ಕೆ. ಇಷ್ಟು ಓದಿದ ಮೇಲೆ ಮಕ್ಕಳ ಹತ್ತಿರ ಕಲಿಯುವುದು ಇನ್ನೇನಿದೆ?"

ಆಗ ನಾವು ನಕ್ಕು, "ಅಮ್ಮಾ, ನಮ್ಮನ್ನೂ ಗುರುಮಠದವರು ಅಷ್ಟು ವರ್ಷ ಓದಿಸಿ, ಆಮೇಲೆ ಡೀಕನ್ ಮಾಡಿ ಒಂದು ಧರ್ಮಕೇಂದ್ರಕ್ಕೆ ಕಳಿಸಲಿಲ್ಲವೇ?" ಎಂದೆವು. ಅವರಿಗೆ ಸಮಾಧಾನವಾಯಿತು. ಆದರೆ ಅವರ ಪ್ರಶ್ನೆಗೆ ಅದಕ್ಕಿಂತ ದೊಡ್ಡ ಉತ್ತರ ಸಲ್ಲಬೇಕು. ನಮ್ಮ ಅನೇಕ ಕುಟುಂಬಗಳ ಮಕ್ಕಳು ಇಂದು ಹೊರದೇಶಗಳಲ್ಲಿ ಇಂಥ ಓದಿಗೆ ಸೇರುತ್ತಿದ್ದಾರೆ. ಇಂಥ ಓದಿನ ನೆರವು ಬೇಕಾದ ಮಕ್ಕಳು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ.

ಇದು ಎಂಥ ಶಾಲೆ?

ಅಮೆರಿಕದಲ್ಲಿ 'ಥೆರಪ್ಯೂಟಿಕ್ ಸ್ಕೂಲ್' ಎಂಬ ಶಾಲೆಗಳಿವೆ. ಚಿಕಿತ್ಸಾ ಶಾಲೆ ಎನ್ನೋಣ. ತೀವ್ರ ಭಯ, ಹಿಡಿತಕ್ಕೆ ಸಿಗದ ಕೋಪ, ಆಟಿಸಂ, ಚಿಕ್ಕಂದಿನಲ್ಲಿ ಅನುಭವಿಸಿದ ಹಿಂಸೆಯ ಗಾಯ – ಇಂಥ ಕಾರಣಗಳಿಂದ ಸಾಮಾನ್ಯ ಶಾಲೆಯಲ್ಲಿ ನಿಲ್ಲಲಾಗದ ಮಕ್ಕಳು ಇಲ್ಲಿ ಓದುತ್ತಾರೆ. ತರಗತಿಯಲ್ಲಿ ಕೆಲವೇ ಮಕ್ಕಳು. ವಿಶೇಷ ತರಬೇತಿ ಪಡೆದ ಶಿಕ್ಷಕರ ಜೊತೆಗೆ ಮನಃಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ಮಾತಿನ ಚಿಕಿತ್ಸಕರು ಅದೇ ಕಟ್ಟಡದಲ್ಲಿ ಕೆಲಸ ಮಾಡುತ್ತಾರೆ. ಪಾಠ ಮತ್ತು ಚಿಕಿತ್ಸೆ ಒಂದೇ ಸೂರಿನಡಿ ನಡೆಯುತ್ತವೆ.

ಇದರ ಹಿಂದೆ ಒಂದು ಕಾನೂನಿನ ಬಲವಿದೆ. 1975ಕ್ಕೆ ಮುಂಚೆ ಅಂಗವಿಕಲತೆಯ ಕಾರಣದಿಂದ ಸುಮಾರು 10 ಲಕ್ಷ ಮಕ್ಕಳು ಸರ್ಕಾರಿ ಶಾಲೆಗಳಿಂದ ಪೂರ್ತಿ ಹೊರಗುಳಿದಿದ್ದಾರೆಂದು ಅಮೆರಿಕದ ಸಂಸತ್ತೇ ಹೇಳಿತು. ಆ ವರ್ಷ ಬಂದ ಕಾಯಿದೆ ಪ್ರತಿ ಮಗುವಿಗೂ ಅದರ ಅಗತ್ಯಕ್ಕೆ ತಕ್ಕ ಉಚಿತ ಶಿಕ್ಷಣದ ಹಕ್ಕು ಕೊಟ್ಟಿತು. ಊರಿನ ಶಾಲೆಯಲ್ಲಿ ಅದು ಸಾಧ್ಯವಾಗದಿದ್ದರೆ ಬೇರೆ ಶಾಲೆಯ ಖರ್ಚನ್ನು ಶಾಲಾ ಆಡಳಿತವೇ ಭರಿಸಬೇಕು. ಆದರೆ ಮಗುವನ್ನು ಬೇರೆಡೆ ಕಳಿಸುವುದು ಕೊನೆಯ ಹೆಜ್ಜೆ. ಸಾಧ್ಯವಾದಷ್ಟು ಮಟ್ಟಿಗೆ ಉಳಿದ ಮಕ್ಕಳ ಜೊತೆಯಲ್ಲೇ ಕಲಿಸಬೇಕೆಂದು ಅದೇ ಕಾಯಿದೆ ಹೇಳುತ್ತದೆ.

ಸ್ಪೆಲ್ಲಿಂಗ್ ಬಾರದ ಹುಡುಗ

ಈ ಶಾಸ್ತ್ರ ಹುಟ್ಟಿದ್ದೇ ಒಬ್ಬ ಶಾಲಾ ಬಾಲಕನಿಂದ. 1896ರಲ್ಲಿ ಫಿಲಡೆಲ್ಫಿಯಾ ನಗರದ ಶಿಕ್ಷಕಿಯೊಬ್ಬರು 14 ವರ್ಷದ ಹುಡುಗನೊಬ್ಬನನ್ನು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಲೈಟ್ನರ್ ವಿಟ್ಮರ್ ಎಂಬ ಪ್ರಾಧ್ಯಾಪಕರ ಬಳಿಗೆ ಕರೆತಂದರು. ಹುಡುಗ ಉಳಿದ ವಿಷಯಗಳಲ್ಲಿ ಚುರುಕು, ಸ್ಪೆಲ್ಲಿಂಗ್ ಮಾತ್ರ ಬಾರದು. ವಿಟ್ಮರ್ ಅವನನ್ನು ಬೈಯಲಿಲ್ಲ, ದಡ್ಡನೆನ್ನಲಿಲ್ಲ. ಕುಳಿತು ನೋಡಿದರು. ಹುಡುಗನ ದೃಷ್ಟಿಯಲ್ಲಿ ದೋಷವಿರುವುದು ತಿಳಿಯಿತು. ಕನ್ನಡಕ ಕೊಡಿಸಿ, ಆಮೇಲೆ ತಾಳ್ಮೆಯಿಂದ ಪಾಠ ಹೇಳಿಸಿದರು. ಜಗತ್ತಿನ ಮೊದಲ ಮನಃಶಾಸ್ತ್ರ ಚಿಕಿತ್ಸಾಲಯ ಶುರುವಾದದ್ದು ಹೀಗೆ.

ಯಾರನ್ನೂ ಹೆಸರಿಡುವ ಮೊದಲು ನೋಡು ಎಂಬುದೇ ಈ ವಿದ್ಯೆಯ ಮೊದಲ ಪಾಠವಾಗಿತ್ತು. ಆದರೆ ಆ ಪಾಠ ಬಹುಬೇಗ ಮರೆತುಹೋಯಿತು.

ಹೆಸರಿಟ್ಟು ಕೆಡಿಸಿದ ಕಥೆ

ನ್ಯೂಜೆರ್ಸಿ ರಾಜ್ಯದ ವೈನ್‌ಲ್ಯಾಂಡ್ ಎಂಬಲ್ಲಿ ಬುದ್ಧಿಮಾಂದ್ಯ ಮಕ್ಕಳ ತರಬೇತಿ ಶಾಲೆಯೊಂದಿತ್ತು. ಮನಃಶಾಸ್ತ್ರದ ಮೊದಲ ಇಂಟರ್ನ್‌ಶಿಪ್ 1908ರಲ್ಲಿ ಆರಂಭವಾದದ್ದು ಆ ಶಾಲೆಯಲ್ಲೇ. ಅಜ್ಜಿಯ ಮೊಮ್ಮಗಳು ಹೋಗಲಿರುವ ದಾರಿಯ ಮೊದಲ ಮೈಲಿಗಲ್ಲು ಅದು. ಅದನ್ನು ನಡೆಸಿದವರು ಹೆನ್ರಿ ಗೊಡ್ಡಾರ್ಡ್. ಬುದ್ಧಿಶಕ್ತಿಯನ್ನು ಅಳೆಯುವ ಫ್ರಾನ್ಸಿನ ಬಿನೆ ಪರೀಕ್ಷೆಯನ್ನು ಅಮೆರಿಕಕ್ಕೆ ತಂದವರೂ ಅವರೇ.

ಅವರು ಶ್ರಮಜೀವಿ, ಮಕ್ಕಳ ಮೇಲೆ ಪ್ರೀತಿಯಿದ್ದವರು. ಆದರೂ ಅಳತೆಗೋಲು ಕೈಗೆ ಬಂದ ಮೇಲೆ ಮಕ್ಕಳಿಗೆ ದರ್ಜೆಯ ಹೆಸರುಗಳನ್ನು ಇಡತೊಡಗಿದರು. 1912ರಲ್ಲಿ ಪುಸ್ತಕವೊಂದನ್ನು ಬರೆದು, ಮಂದಬುದ್ಧಿ ರಕ್ತದಲ್ಲೇ ಹರಿದು ಬರುತ್ತದೆ, ಅಂಥವರಿಗೆ ಮಕ್ಕಳಾಗದಂತೆ ತಡೆಯಬೇಕು ಎಂಬ ವಾದಕ್ಕೆ ಬಲ ಕೊಟ್ಟರು. ಇಂಥ ವಿಚಾರಗಳು ಹರಡಿ ಹಲವು ರಾಜ್ಯಗಳಲ್ಲಿ ಬಲವಂತದ ಸಂತಾನಹರಣ ಶಸ್ತ್ರಚಿಕಿತ್ಸೆಯ ಕಾಯಿದೆಗಳು ಬಂದವು. 1927ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದಕ್ಕೆ ಮುದ್ರೆಯೊತ್ತಿತು. ದಶಕಗಳ ಅವಧಿಯಲ್ಲಿ 60,000ಕ್ಕೂ ಹೆಚ್ಚು ಜನ ಇದಕ್ಕೆ ಬಲಿಯಾದರು. 1930ರ ಡಿಸೆಂಬರ್ 31ರಂದು ಪೋಪ್ ಹನ್ನೊಂದನೆಯ ಪಯಸರು 'ಕಾಸ್ತಿ ಕೊನ್ನೂಬಿ' ಎಂಬ ವಿಶ್ವಪತ್ರದಲ್ಲಿ, ತಪ್ಪು ಮಾಡದ ಪ್ರಜೆಯ ದೇಹವನ್ನು ಊನಗೊಳಿಸುವ ಅಧಿಕಾರ ಯಾವ ಸರ್ಕಾರಕ್ಕೂ ಇಲ್ಲವೆಂದು ಸ್ಪಷ್ಟವಾಗಿ ಸಾರಿದರು. ಗೊಡ್ಡಾರ್ಡ್ ಕೂಡ 1928ರಲ್ಲಿ ತಮ್ಮ ಕೆಲವು ಅಭಿಪ್ರಾಯಗಳನ್ನು ತಿದ್ದಿಕೊಂಡಿದ್ದರು. ಆದರೆ ಗಾಯ ಆಗಿಹೋಗಿತ್ತು.

ಅದೇ ಕಾಲದಲ್ಲಿ ಒಬ್ಬ ಧರ್ಮಗುರು ಬೇರೆ ದಾರಿ ಹಿಡಿದಿದ್ದರು. ಫಾದರ್ ಥಾಮಸ್ ವರ್ನರ್ ಮೂರ್ ಅವರು ಮನಃಶಾಸ್ತ್ರವನ್ನೂ ವೈದ್ಯಶಾಸ್ತ್ರವನ್ನೂ ಓದಿದ್ದ ಗುರುಗಳು. 1916ರಲ್ಲಿ ವಾಷಿಂಗ್ಟನ್ನಿನ ಪ್ರಾವಿಡೆನ್ಸ್ ಆಸ್ಪತ್ರೆಯಲ್ಲಿ ಮನೋರೋಗಿಗಳಿಗಾಗಿ ಚಿಕಿತ್ಸಾಲಯ ತೆರೆದರು. 1926ರಲ್ಲಿ ಬುದ್ಧಿಮಾಂದ್ಯ ಹೆಣ್ಣುಮಕ್ಕಳಿಗಾಗಿ ಸಂತ ಗೆರ್ತ್ರೂದಳ ಹೆಸರಿನಲ್ಲಿ ಶಾಲೆಯೊಂದನ್ನು ಸ್ಥಾಪಿಸಿದರು. ಬೆನೆದಿಕ್ತರ ಸಭೆಯ ಕನ್ಯಾಸ್ತ್ರೀಯರು ಆ ಮಕ್ಕಳಿಗೆ ಕೈಕಸುಬು, ಅಕ್ಷರ ಕಲಿಸಿದರು. ಹುಟ್ಟಲೇಬಾರದಿತ್ತು ಎಂದು ಬುದ್ಧಿವಂತರು ಹೇಳುತ್ತಿದ್ದ ಮಕ್ಕಳಿಗೆ ಈ ಗುರುಗಳು ಬಾಗಿಲು ತೆರೆದರು. ಕೊನೆಗಾಲದಲ್ಲಿ ಅವರು ಕಾರ್ತೂಸಿಯನ್ ಮಠ ಸೇರಿ 1969ರಲ್ಲಿ ಸ್ಪೇನ್ ದೇಶದಲ್ಲಿ ತೀರಿಕೊಂಡರು.

ಒಂದು ವರ್ಷದ ಕಲಿಕೆ

ಈಗ ಮೊಮ್ಮಗಳ ವಿಷಯಕ್ಕೆ ಬರೋಣ. 1949ರಲ್ಲಿ ಬೌಲ್ಡರ್ ಎಂಬ ಊರಿನಲ್ಲಿ ಸೇರಿದ ಸಮ್ಮೇಳನವೊಂದು, ರೋಗಿಗಳನ್ನು ನೋಡುವ ಮನಃಶಾಸ್ತ್ರಜ್ಞರು ಸಂಶೋಧನೆಯನ್ನೂ ಸೇವೆಯನ್ನೂ ಎರಡನ್ನೂ ಕಲಿಯಬೇಕು, ಅದರಲ್ಲಿ ಒಂದು ವರ್ಷದ ಇಂಟರ್ನ್‌ಶಿಪ್ ಇರಬೇಕು ಎಂದು ಒಪ್ಪಿತು. ಇಂದಿಗೂ ತರಗತಿಯ ಓದು ಮುಗಿದರೂ ಈ ವರ್ಷ ಮುಗಿಯದೆ ಪದವಿ ಕೈಗೆ ಬರುವುದಿಲ್ಲ.

ಕೇಂದ್ರವನ್ನು ಆರಿಸುವ ಕ್ರಮವೂ ಸ್ವಾರಸ್ಯವಾಗಿದೆ. ವಿದ್ಯಾರ್ಥಿಗಳು ಹಲವು ಶಾಲೆ, ಆಸ್ಪತ್ರೆಗಳಿಗೆ ಅರ್ಜಿ ಹಾಕಿ ಸಂದರ್ಶನ ಕೊಡುತ್ತಾರೆ. ಬಳಿಕ ವಿದ್ಯಾರ್ಥಿಗಳು ತಮಗೆ ಬೇಕಾದ ಕೇಂದ್ರಗಳನ್ನು, ಕೇಂದ್ರಗಳು ತಮಗೆ ಬೇಕಾದ ವಿದ್ಯಾರ್ಥಿಗಳನ್ನು ಅನುಕ್ರಮವಾಗಿ ಬರೆದು ಕೊಡುತ್ತಾರೆ. ಕಂಪ್ಯೂಟರ್ ಎರಡನ್ನೂ ಹೊಂದಿಸುತ್ತದೆ. ಫೆಬ್ರುವರಿಯ ಒಂದು ದಿನ ಎಲ್ಲರಿಗೂ ಫಲಿತಾಂಶ ಬರುತ್ತದೆ. ಬಂದ ಕಡೆಗೆ ಹೋಗಬೇಕು. ಬಿಷಪರ ವರ್ಗಾವಣೆಯ ಪತ್ರಕ್ಕೆ ಕಾಯುವ ನಮಗೆ ಆ ದಿನದ ತಳಮಳ ಚೆನ್ನಾಗಿ ಅರ್ಥವಾಗುತ್ತದೆ.

ಚಿಕಿತ್ಸಾ ಶಾಲೆಯಲ್ಲಿ ಅವಳ ಕೆಲಸವೇನು? ಬೆಳಗ್ಗೆ ಮಕ್ಕಳು ವಾಹನದಿಂದ ಇಳಿಯುವಾಗಲೇ ಮುಖ ನೋಡಿ ಯಾರ ರಾತ್ರಿ ಹೇಗೆ ಕಳೆದಿದೆ ಎಂದು ತಿಳಿಯುವುದು. ಒಂದು ಮಗುವಿನ ಜೊತೆ ಗೊಂಬೆಯಾಟ ಆಡುತ್ತಾ ಅದರ ಭಯವನ್ನು ಕೇಳಿಸಿಕೊಳ್ಳುವುದು. ನಾಲ್ಕೈದು ಹುಡುಗರನ್ನು ಕೂರಿಸಿ, ಸರದಿ ಕಾಯುವುದನ್ನೂ ಸೋಲುವುದನ್ನೂ ಕಲಿಸುವುದು. ಪರೀಕ್ಷೆಗಳನ್ನು ನಡೆಸಿ ತಂದೆತಾಯಿಗೆ ಅರ್ಥವಾಗುವ ಮಾತಿನಲ್ಲಿ ವರದಿ ಬರೆಯುವುದು. ಶಿಕ್ಷಕರೊಡನೆ ಕುಳಿತು ಮುಂದಿನ ವಾರಕ್ಕೆ ಯೋಜನೆ ಮಾಡುವುದು. ಮನೆಯವರನ್ನು ಕರೆಸಿ ಮಾತನಾಡುವುದು.

ಮಗು ಕುರ್ಚಿ ಎಸೆಯಿತು ಎನ್ನೋಣ. ನಾವಾದರೆ "ಯಾಕೋ ಎಸೆದೆ?" ಎಂದು ಗದರುತ್ತೇವೆ. ಅವಳು ಕಲಿಯುವುದು ಬೇರೆ ಪ್ರಶ್ನೆ: ಕುರ್ಚಿ ಎಸೆಯುವುದಕ್ಕೆ ಸ್ವಲ್ಪ ಮುಂಚೆ ಏನಾಯಿತು? ಎಸೆದ ಮೇಲೆ ಏನಾಯಿತು? ಇದನ್ನು ದಿನವೂ ಬರೆದಿಡುತ್ತಾರೆ. ವಾರಗಟ್ಟಲೆ ಬರೆದಾಗ ಒಂದು ಜಾಡು ಕಾಣಿಸುತ್ತದೆ. ಗಟ್ಟಿಯಾಗಿ ಓದಬೇಕಾದ ಪಾಠ ಬಂದಾಗಲೆಲ್ಲ ಕುರ್ಚಿ ಹಾರುತ್ತದೆ, ಹಾರಿದೊಡನೆ ಮಗುವನ್ನು ಹೊರಗೆ ಕಳಿಸುತ್ತಾರೆ, ಓದುವುದು ತಪ್ಪುತ್ತದೆ. ಓದಲು ಬಾರದ ನಾಚಿಕೆಯೇ ಅಲ್ಲಿ ಕೋಪದ ವೇಷ ಹಾಕಿರುತ್ತದೆ.

ಅವಳನ್ನು ನೋಡುವವರು

ಈ ತರಬೇತಿಯ ತಿರುಳು ಇರುವುದು ಇಲ್ಲಿ. ಅವಳು ಮಗುವನ್ನು ನೋಡುತ್ತಿರುವಾಗ ಅವಳನ್ನು ನೋಡುವವರು ಇರುತ್ತಾರೆ. ಇಂಟರ್ನ್‌ಶಿಪ್ ಕೇಂದ್ರಗಳ ಒಕ್ಕೂಟವೊಂದು 1968ರಿಂದ ಅಲ್ಲಿ ಕೆಲಸ ಮಾಡುತ್ತಿದೆ. ಅದರ ನಿಯಮದಂತೆ ವರ್ಷಕ್ಕೆ ಕನಿಷ್ಠ 1,500 ಗಂಟೆಗಳ ತರಬೇತಿ ನಡೆಯಬೇಕು. ಪೂರ್ಣಾವಧಿ ತರಬೇತಿಯಲ್ಲಿ ವಾರಕ್ಕೆ ಕನಿಷ್ಠ 4 ಗಂಟೆ ಮೇಲ್ವಿಚಾರಕರೊಡನೆ ಕುಳಿತು ಕೆಲಸದ ಲೆಕ್ಕ ಒಪ್ಪಿಸಬೇಕು, ಅದರಲ್ಲಿ 2 ಗಂಟೆಯಾದರೂ ಎದುರುಬದುರು ಇಬ್ಬರೇ ಕೂರಬೇಕು. ಒಂದೇ ಕೇಂದ್ರದಲ್ಲಿ ಕನಿಷ್ಠ ಇಬ್ಬರು ಇಂಟರ್ನ್‌ಗಳು ಇರಬೇಕು, ಒಬ್ಬಂಟಿಯಾಗಿ ಯಾರೂ ಕಲಿಯಬಾರದು. ಅಮೆರಿಕದ ಮನಃಶಾಸ್ತ್ರ ಸಂಘದ ಮಾನ್ಯತೆ ಬೇಕಾದರೆ, ಅವಳು ಹೇಳಿದ್ದನ್ನಷ್ಟೇ ನಂಬಿ ಅಂಕ ಕೊಡುವಂತಿಲ್ಲ. ಅವಳು ಮಗುವಿನ ಜೊತೆ ಕೆಲಸ ಮಾಡುವುದನ್ನು ಮೇಲ್ವಿಚಾರಕರು ನೇರವಾಗಿಯೋ ರೆಕಾರ್ಡಿಂಗ್ ಮೂಲಕವೋ ತಾವೇ ನೋಡಬೇಕು.

ಇನ್ನೊಂದು ನಿಯಮ ನಮ್ಮ ಮನಸ್ಸನ್ನು ಮುಟ್ಟಿತು. ಅವಳು ತಾನಿನ್ನೂ ಕಲಿಯುತ್ತಿರುವವಳೆಂದೂ ತನ್ನ ಮೇಲ್ವಿಚಾರಕರು ಇಂಥವರೆಂದೂ ಮೊದಲ ದಿನವೇ ತಂದೆತಾಯಿಗೆ ತಿಳಿಸಬೇಕು. ಐದು ವರ್ಷ ಓದಿದವಳು ಹೀಗೆ ಹೇಳಬೇಕು. ಮಗುವನ್ನು ದೀನತೆಯ ಮಾದರಿಯಾಗಿ ಶಿಷ್ಯರ ನಡುವೆ ನಿಲ್ಲಿಸಿದ ಪ್ರಭುವಿನ ಪಾಠ ಇದಕ್ಕಿಂತ ದೂರವೇನಿಲ್ಲ.

ಇಷ್ಟೆಲ್ಲ ಏಕೆ ಎಂದರೆ, ನೋಡುವವರಿಲ್ಲದ ಅಧಿಕಾರ ಏನು ಮಾಡಬಲ್ಲದೆಂದು ಅವರಿಗೆ ಗೊತ್ತು. ಬ್ರೂನೋ ಬೆಟಲ್‌ಹೈಮ್ ಎಂಬವರು 1944ರಿಂದ 1973ರವರೆಗೆ ಷಿಕಾಗೋದ ಪ್ರಸಿದ್ಧ ಚಿಕಿತ್ಸಾ ಶಾಲೆಯೊಂದರ ಮುಖ್ಯಸ್ಥರಾಗಿದ್ದರು. ನಾಜಿಗಳ ಸೆರೆಶಿಬಿರಗಳನ್ನು ಕಂಡುಂಡು ಬದುಕಿ ಬಂದವರು. ಅವರ ಡಾಕ್ಟರೇಟ್ ಮನಃಶಾಸ್ತ್ರದ್ದಾಗಿರಲಿಲ್ಲ. ಶಾಲೆಯಲ್ಲಿ ಅವರ ಮಾತಿಗೆ ಎದುರಾಡುವವರಿರಲಿಲ್ಲ. ಆಟಿಸಂ ಬರುವುದು ತಾಯಿಯ ಪ್ರೀತಿ ಸಾಲದೆ ಎಂಬ ವಾದವನ್ನು ಅವರು 1967ರ ಪುಸ್ತಕದಲ್ಲಿ ಲೋಕಕ್ಕೆಲ್ಲ ಹರಡಿದರು. 1964ರಲ್ಲೇ ಬರ್ನಾರ್ಡ್ ರಿಮ್‌ಲ್ಯಾಂಡ್ ಎಂಬ ಮನಃಶಾಸ್ತ್ರಜ್ಞ ಇದು ಸುಳ್ಳೆಂದು ಬರೆದಿದ್ದರು. ಅವರು ಸ್ವತಃ ಆಟಿಸಂ ಇದ್ದ ಹುಡುಗನ ತಂದೆ. ಆದರೂ ಎಷ್ಟೋ ತಾಯಂದಿರು ತಮ್ಮಿಂದಲೇ ಮಗು ಹೀಗಾಯಿತೆಂಬ ಕೊರಗಿನಲ್ಲಿ ಬದುಕು ಕಳೆದರು. 1990ರಲ್ಲಿ ಬೆಟಲ್‌ಹೈಮ್ ತೀರಿಕೊಂಡ ಮೇಲೆ, ಆ ಶಾಲೆಯಲ್ಲಿ ಬೆಳೆದ ಹಲವರು ತಮಗೆ ಅವರಿಂದ ಹೊಡೆತ, ಅವಮಾನ ಆಗಿತ್ತೆಂದು ಬಹಿರಂಗವಾಗಿ ಹೇಳಿದರು. ಅವರನ್ನು ಸಮರ್ಥಿಸಿದವರೂ ಇದ್ದರು. ಆದರೆ ಇಷ್ಟು ನಿಜ: ಮಕ್ಕಳು ಬಾಯಿ ತೆರೆಯಲು ಅವರ ಸಾವಿನವರೆಗೆ ಕಾಯಬೇಕಾಯಿತು.

ಮಕ್ಕಳ ವಿಷಯದಲ್ಲಿ ನೋಡುವವರಿಲ್ಲದ ಅಧಿಕಾರ ಎಷ್ಟು ದುಃಖ ತಂದಿದೆ ಎಂಬುದನ್ನು ನಮ್ಮ ಧರ್ಮಸಭೆಯೂ ನೋವಿನಿಂದ ಕಲಿತಿದೆ. ಆದ್ದರಿಂದ ಈ ಪಾಠವನ್ನು ನಾವು ಹೊರಗಿನವರಿಗೆ ಹೇಳುವಂತಿಲ್ಲ, ಮೊದಲು ನಾವೇ ಕೇಳಿಸಿಕೊಳ್ಳಬೇಕು.

ಗಂಟೆಯ ಸದ್ದು

ಕೆಲವು ವರ್ಷಗಳ ಹಿಂದೆ ನಾವು ಸೇವೆ ಸಲ್ಲಿಸುತ್ತಿದ್ದ ಧರ್ಮಕೇಂದ್ರದಲ್ಲಿ ಒಬ್ಬ ಹುಡುಗನಿದ್ದ. ಪ್ರಥಮ ಪರಮಪ್ರಸಾದದ ತಯಾರಿಗೆ ಬರುತ್ತಿದ್ದ. ಬಲಿಪೂಜೆಯ ನಡುವೆ ಇದ್ದಕ್ಕಿದ್ದಂತೆ ಕಿವಿ ಮುಚ್ಚಿಕೊಂಡು ಕಿರುಚಿ ಬೆಂಚಿನ ಕೆಳಗೆ ತೂರಿಕೊಳ್ಳುತ್ತಿದ್ದ. ಎರಡು ಮೂರು ಭಾನುವಾರ ಸಹಿಸಿದೆವು. ಆಮೇಲೆ ಅವನ ತಾಯಿಗೆ, "ಮಗನಿಗೆ ಮನೆಯಲ್ಲಿ ಸ್ವಲ್ಪ ಶಿಸ್ತು ಕಲಿಸಿ ಅಮ್ಮಾ, ಇದು ದೇವಾಲಯ" ಎಂದುಬಿಟ್ಟೆವು. ಮುಂದಿನ ವಾರ ಅವರು ಬಾಗಿಲ ಬಳಿ ಕುಳಿತರು. ಅದರ ಮುಂದಿನ ವಾರ ಬರಲಿಲ್ಲ.

ತಿಂಗಳುಗಳಾದ ಮೇಲೆ ಮನೆ ಭೇಟಿಗೆ ಹೋದಾಗ ಆ ತಾಯಿ ಕೇಳಿದ್ದು ಒಂದೇ ಮಾತು: "ಫಾದರ್, ನಾವು ಮಾಡಿದ ಯಾವ ಪಾಪಕ್ಕೆ ಈ ಮಗು ಹೀಗೆ?"

ಹುಟ್ಟುಕುರುಡನನ್ನು ಕಂಡು ಶಿಷ್ಯರು ಯೇಸುಸ್ವಾಮಿಯನ್ನು ಕೇಳಿದ್ದೂ ಇದನ್ನೇ (ಯೊವಾನ್ನ 9). ಅವನ ಪಾಪವೂ ಅಲ್ಲ, ಅವನ ಹೆತ್ತವರ ಪಾಪವೂ ಅಲ್ಲ ಎಂಬುದೇ ಪ್ರಭುವಿನ ಉತ್ತರ. ವಿಜ್ಞಾನವೂ ಈಗ ತಾಯಂದಿರ ಮೇಲಿನ ಆ ಅಪವಾದವನ್ನು ತೆಗೆದುಹಾಕಿದೆ. ಆದರೆ ಆ ತಾಯಿಯ ಮೇಲೆ ಅದನ್ನು ಮತ್ತೆ ಹೊರಿಸಿದವರು ನಾವೇ ಆಗಿದ್ದೆವು. ಕ್ಷಮೆ ಕೇಳಿದೆವು. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ ತೋರಿಸಿಕೊಂಡು ಬರಲು ಹೇಳಿದೆವು. ಅಲ್ಲಿಂದ ಬಂದ ಮೇಲೆ ಆ ತಾಯಿಯೇ ನಮಗೆ ವಿವರಿಸಿದರು: ಮಗನಿಗೆ ಆಟಿಸಂ ಇದೆ. ಪರಮಪ್ರಸಾದವನ್ನು ಎತ್ತಿ ಹಿಡಿದಾಗ ಪೀಠಬಾಲಕರು ಬಾರಿಸುವ ಗಂಟೆಯ ಸದ್ದು ಅವನ ಕಿವಿಗೆ ಸೂಜಿ ಚುಚ್ಚಿದಂತೆ ಆಗುತ್ತದೆ. ಕಿರುಚಾಟಕ್ಕೆ ಸ್ವಲ್ಪ ಮುಂಚೆ ಏನಾಗುತ್ತದೆ ಎಂದು ನಾವು ಒಂದು ದಿನವೂ ನೋಡಿರಲಿಲ್ಲ. ಪ್ರತಿ ಭಾನುವಾರ ಪೀಠದ ಮೇಲಿಂದ ಅವನನ್ನೇ ನೋಡುತ್ತಿದ್ದರೂ ನೋಡಿರಲಿಲ್ಲ.

ನಾವು ಮಾಡಬಹುದಾದದ್ದು

ನಮ್ಮ ನಾಡಿನಲ್ಲೂ ದಾರಿಗಳಿವೆ. ನಿಮ್ಹಾನ್ಸ್ ಸಂಸ್ಥೆ 1974ರಿಂದ ನಮ್ಮ ನಡುವೆಯೇ ಇದೆ, ಮಕ್ಕಳಿಗಾಗಿ ಅಲ್ಲಿ ಪ್ರತ್ಯೇಕ ವಿಭಾಗವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಆಟಿಸಂ, ಕಲಿಕಾ ನ್ಯೂನತೆ ಸೇರಿದಂತೆ 21 ಬಗೆಯ ನ್ಯೂನತೆಗಳನ್ನು ಗುರುತಿಸಿದೆ. ನಮ್ಮ ದೇಶದಲ್ಲಿ ಕ್ಲಿನಿಕಲ್ ಮನಃಶಾಸ್ತ್ರಜ್ಞರು 1992ರ ಕಾಯಿದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಬೋರ್ಡು ದೊಡ್ಡದಿದೆ ಎಂದು ಮಗುವನ್ನು ಒಪ್ಪಿಸಬೇಡಿ. ನೋಂದಣಿ ಇದೆಯೇ, ತರಬೇತಿ ಎಲ್ಲಿ ಆಯಿತು, ಮಗುವಿನ ಜೊತೆ ಏನು ಮಾಡುತ್ತೀರಿ, ನಮಗೆ ಯಾವಾಗ ತಿಳಿಸುತ್ತೀರಿ ಎಂದು ಕೇಳಿ. ಒಳ್ಳೆಯವರು ಈ ಪ್ರಶ್ನೆಗಳಿಗೆ ಬೇಸರಿಸುವುದಿಲ್ಲ. ಯಾರನ್ನು ಕಾಣಬೇಕೆಂದೇ ತಿಳಿಯದಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಮಗು ಅಪಾಯದಲ್ಲಿದ್ದರೆ 1098 ಇದೆ.

ಧರ್ಮೋಪದೇಶ ತರಗತಿಯ ಉಪಾಧ್ಯಾಯರಲ್ಲಿ ಒಂದು ಬಿನ್ನಹ. ತಂಟೆ ಮಾಡುವ ಮಗುವನ್ನು ಹೊರಗೆ ಕಳಿಸುವ ಮೊದಲು ಒಂದು ತಿಂಗಳು ಬರೆದಿಡಿ: ಮುಂಚೆ ಏನಾಯಿತು, ಆಮೇಲೆ ಏನಾಯಿತು. ತಿಂಗಳಿಗೊಮ್ಮೆ ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಕುಳಿತು ನೋಡಿ. ನಮ್ಮ ತರಗತಿಗೂ ಬಂದು ಕುಳಿತು ನೋಡಿ. ನೆರೆಹೊರೆಯವರಲ್ಲಿಯೂ ಒಂದು ಬಿನ್ನಹ. ಇಂಥ ಮಗುವಿನ ತಾಯಿಗೆ ಉಪದೇಶ ಹೇಳುವ ಬದಲು, ಅವರು ನೆಮ್ಮದಿಯಾಗಿ ಬಲಿಪೂಜೆಯಲ್ಲಿ ಪಾಲ್ಗೊಳ್ಳಲೆಂದು ಅರ್ಧ ಗಂಟೆ ಆ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಿ.

ಆ ಹುಡುಗ ಮರುವರ್ಷ ಪ್ರಥಮ ಪರಮಪ್ರಸಾದ ಸ್ವೀಕರಿಸಿದ. ಅಂದು ಪೀಠಬಾಲಕರಿಗೆ ಗಂಟೆ ಬಾರಿಸಬೇಡಿ ಎಂದಿದ್ದೆವು. ಗಂಟೆಯಿಲ್ಲದೆಯೇ ಜನರೆಲ್ಲ ತಲೆಬಾಗಿದರು. ಹುಡುಗ ಮಾತ್ರ ತಲೆಯೆತ್ತಿ, ಕಿವಿಯಿಂದ ಕೈ ತೆಗೆದು, ಎತ್ತಿ ಹಿಡಿದ ಪರಮಪ್ರಸಾದವನ್ನೇ ನೋಡುತ್ತಿದ್ದ.

ಆ ಅಜ್ಜಿಗೆ ಈಗ ಹೀಗೆ ಹೇಳುತ್ತೇವೆ: ಅಮ್ಮಾ, ನಿಮ್ಮ ಮೊಮ್ಮಗಳು ಆ ಒಂದು ವರ್ಷ ಕಲಿಯುವುದು ಮಗುವನ್ನು ನೋಡುವುದನ್ನು, ಮತ್ತು ತನ್ನನ್ನು ಇನ್ನೊಬ್ಬರು ನೋಡಲು ಬಿಡುವುದನ್ನು. ಅದಕ್ಕೆ ಒಂದು ವರ್ಷ ಹೆಚ್ಚೇನಲ್ಲ. ಅವಳಿಗಾಗಿ ಪ್ರಾರ್ಥಿಸಿ, ನಮಗಾಗಿಯೂ ಪ್ರಾರ್ಥಿಸಿ.

ನಮ್ಮ ಮಕ್ಕಳನ್ನು ಕಾಯುವ ದೇವದೂತರು, ಅವರನ್ನು ಕಾಯಲು ನೇಮಕವಾದ ನಮ್ಮೆಲ್ಲರನ್ನೂ ಕಾಯಲಿ. ಆಮೆನ್.